ಸ್ವೀಡನ್ನಿನ ಸೋಷಿಯಲ್ ಡೆಮಾಕ್ರಸಿ: ಒಳಗಿನ ಯಂತ್ರ ಓಡುತ್ತಿದ್ದದ್ದು ಹೇಗೆ, ಕೈಕೊಟ್ಟದ್ದು ಎಲ್ಲಿ?

ಹೊಂಗೆನೆರಳು

ಸೋಷಿಯಲ್ ಡೆಮಾಕ್ರಸಿ ಅಂದರೆ ‘ತೆರಿಗೆ ಜಾಸ್ತಿ, ಸವಲತ್ತೂ ಜಾಸ್ತಿ’ ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಸ್ವೀಡನ್ನನ್ನು ಹೊಗಳುವವರೂ ಅಷ್ಟೇ ಹೇಳುತ್ತಾರೆ, ತೆಗಳುವವರೂ ಅಷ್ಟೇ. ಆದರೆ ಅಲ್ಲಿ ಇವತ್ತಿಗೂ ಕನಿಷ್ಠ ವೇತನದ ಕಾಯ್ದೆ ಇಲ್ಲ. 1936ರ ಬೇಸಿಗೆಯ ಕೆಲವು ತಿಂಗಳು ಬಿಟ್ಟರೆ 1932ರಿಂದ 1976ರವರೆಗೆ ಸೋಷಿಯಲ್ ಡೆಮಾಕ್ರಾಟರೇ ಸರ್ಕಾರ ನಡೆಸಿದರೂ ಕಾರ್ಖಾನೆಗಳು ಬಹುಪಾಲು ಖಾಸಗಿಯವರ ಕೈಯಲ್ಲೇ ಉಳಿದವು. ಹಾಗಾದರೆ ಕೂಲಿಯ ಅಂತರ ತಗ್ಗಿದ್ದು, ಎಲ್ಲರಿಗೂ ಕೆಲಸ ಸಿಕ್ಕಿದ್ದು ಯಾವುದರಿಂದ? ವಿಷಯ ಬಲ್ಲವರು ಇಸವಿ, ಅಂಕಿ ಸಮೇತ ಬಿಡಿಸಿ ಬರೆಯಿರಿ. ಅಲ್ಲಿನ ಜನರ ಸ್ವಭಾವದ ವಿವರಣೆಗಿಂತ ಸಂಸ್ಥೆಗಳ ವಿವರಣೆ ಬೇಕಾಗಿದೆ.

ಮಿಲ್‌ಗೇಟ್

ಮೊದಲು ಎರಡು ಸಂಘಟನೆಗಳನ್ನು ತಲೆಯಲ್ಲಿಟ್ಟುಕೊಳ್ಳಿ. ಕಾರ್ಮಿಕ ಸಂಘಗಳ ಒಕ್ಕೂಟ ಎಲ್‌ಒ, 1898. ಮಾಲೀಕರ ಒಕ್ಕೂಟ ಎಸ್‌ಎಎಫ್, 1902. ಸರ್ಕಾರಕ್ಕಿಂತ ಮುಂಚೆ ಇವರಿಬ್ಬರ ಕಥೆ ಬರುತ್ತದೆ.

1906ರ ಡಿಸೆಂಬರ್‌ನಲ್ಲಿ ಇಬ್ಬರೂ ಒಂದು ಕೊಡುಕೊಳ್ಳುವಿಕೆಗೆ ಬಂದರು. ಕೆಲಸ ಹಂಚುವ, ಆಳು ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ ಮಾಲೀಕರದು. ಸಂಘ ಕಟ್ಟುವ ಹಕ್ಕು ಕಾರ್ಮಿಕರದು. ಅಷ್ಟಾದರೂ ಜಗಳ ನಿಲ್ಲಲಿಲ್ಲ. 1909ರಲ್ಲಿ ಮಾಲೀಕರು ದೊಡ್ಡ ಲಾಕೌಟ್ ಮಾಡಿದರು, ಎಲ್‌ಒ ಸಾರ್ವತ್ರಿಕ ಮುಷ್ಕರ ಹೂಡಿ ಸೋತಿತು, ಸದಸ್ಯರು ಹೆಚ್ಚುಕಡಿಮೆ ಅರ್ಧಕ್ಕರ್ಧ ಕರಗಿದರು. 1928ರಲ್ಲಿ ಸಾಮೂಹಿಕ ಒಪ್ಪಂದದ ಕಾಯ್ದೆ ಮತ್ತು ಕಾರ್ಮಿಕ ನ್ಯಾಯಾಲಯ ಬಂದವು. ಅಂದರೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಅದರ ಅವಧಿ ಮುಗಿಯುವ ತನಕ ಅದೇ ವಿಷಯಕ್ಕೆ ಮುಷ್ಕರ ಮಾಡುವಂತಿಲ್ಲ. ಆಗಿನ ಯೂನಿಯನ್‌ಗಳು ಇದನ್ನು ಕಟುವಾಗಿ ವಿರೋಧಿಸಿದ್ದವು. 1931ರಲ್ಲಿ ಓದಾಲೆನ್ ಕಣಿವೆಯಲ್ಲಿ, ಮುಷ್ಕರ ಮುರಿಯಲು ಹೊರಗಿನಿಂದ ಆಳು ಕರೆಸಿದ್ದನ್ನು ಪ್ರತಿಭಟಿಸಿ ಹೊರಟ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಐದು ಜನ ಸತ್ತರು.

ಈ ಹಿನ್ನೆಲೆ ಗೊತ್ತಿದ್ದರೆ ಮಾತ್ರ 1938ರ ಡಿಸೆಂಬರ್ 20ರ ಸಾಲ್ಟ್‌ಶೋಬಾದೆನ್ ಒಪ್ಪಂದದ ತೂಕ ತಿಳಿಯುವುದು. ಸ್ಟಾಕ್‌ಹೋಮ್ ಹತ್ತಿರದ ಒಂದು ಸಮುದ್ರತೀರದ ಹೋಟೆಲ್ಲಿನಲ್ಲಿ ಎಲ್‌ಒ, ಎಸ್‌ಎಎಫ್ ಸಹಿ ಹಾಕಿದವು. ಸರ್ಕಾರದ ಸಹಿ ಅದರಲ್ಲಿಲ್ಲ. ‘ನೀವೇ ಬಗೆಹರಿಸಿಕೊಳ್ಳದಿದ್ದರೆ ಕಾಯ್ದೆ ಬರುತ್ತದೆ’ ಎಂಬ ಒತ್ತಡ ಮಾತ್ರ ಹಿಂದೆ ಇತ್ತು. ಒಪ್ಪಂದದಲ್ಲಿ ಐದು ಭಾಗ: ಎರಡೂ ಕಡೆಯವರ ಜಂಟಿ ಮಂಡಳಿ, ಮಾತುಕತೆ ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಹೋಗಬೇಕೆಂಬ ಕ್ರಮ, ಕೆಲಸದಿಂದ ತೆಗೆಯುವಾಗ ಪಾಲಿಸಬೇಕಾದ ವಿಧಾನ, ಜಗಳಕ್ಕೆ ಸಂಬಂಧವಿಲ್ಲದ ಮೂರನೆಯವರ ಮೇಲೆ ಒತ್ತಡ ಹಾಕುವುದಕ್ಕೆ ಮಿತಿ, ಸಮಾಜಕ್ಕೆ ಅತ್ಯಗತ್ಯವಾದ ಸೇವೆ ನಿಲ್ಲುವಂತಿದ್ದರೆ ಏನು ಮಾಡಬೇಕು. ಕೂಲಿ ಎಷ್ಟು ಎಂಬ ಒಂದು ಅಂಕಿಯೂ ಅದರಲ್ಲಿಲ್ಲ. ಜಗಳ ಆಡುವ ವಿಧಾನದ ಬಗ್ಗೆ ಆದ ಒಪ್ಪಂದ ಅದು.

ವಿಜಯಪುರದವ

ಯೂನಿಯನ್ ಮಾತು ಸರಿ ಅದ. ಆದ್ರ 1930ರ ಸ್ವೀಡನ್ನಿನಾಗ ರೈತರು ಭಾಳ ಮಂದಿ ಇದ್ರಲ್ಲ? ಕಾರ್ಮಿಕರ ಪಕ್ಷಕ್ಕ ಒಂಟಿಯಾಗಿ ಬಹುಮತ ಎಲ್ಲಿಂದ ಬಂತು?

ತುಂಗೆತಡಿ

ಬರಲಿಲ್ಲ ಸರ್. 1932ರಲ್ಲಿ ಅವರಿಗೆ ಸಿಕ್ಕಿದ್ದು ಶೇ 41.7 ಮತ, ಕೆಳಮನೆಯ 230ರಲ್ಲಿ 104 ಸ್ಥಾನ. ಅದಕ್ಕೇ 1933ರ ಮೇ ತಿಂಗಳ ಒಪ್ಪಂದ ನಡೆದದ್ದು. ಸ್ವೀಡಿಷ್ ಭಾಷೆಯಲ್ಲಿ ಅದನ್ನು ‘ಕೂಹಾಂದೆಲ್’ ಅನ್ನುತ್ತಾರೆ, ಅಂದರೆ ದನದ ವ್ಯಾಪಾರ. ಹೆಸರು ಕೇಳಿದರೆ ಬೈಗುಳ, ಒಳಗಿನ ತಿರುಳು ಗಟ್ಟಿಯಾದದ್ದು.

ರೈತ ಪಕ್ಷಕ್ಕೆ ಬೇಕಾಗಿದ್ದದ್ದು ಹಾಲು-ಬೆಣ್ಣೆಗೆ ಬೆಲೆ ರಕ್ಷಣೆ. ಕಾರ್ಮಿಕ ಪಕ್ಷ ಅಲ್ಲಿಯವರೆಗೆ ಮುಕ್ತ ವ್ಯಾಪಾರದ ಪರ, ಏಕೆಂದರೆ ನಗರದ ಕೂಲಿಯವನಿಗೆ ಆಹಾರ ಅಗ್ಗವಾಗಿರಬೇಕು. ಕಾರ್ಮಿಕ ಪಕ್ಷಕ್ಕೆ ಬೇಕಾಗಿದ್ದದ್ದು ನಿರುದ್ಯೋಗಿಗಳಿಗೆ ಸರ್ಕಾರಿ ಕಾಮಗಾರಿ, ಅದೂ ಮಾರುಕಟ್ಟೆ ದರದ ಕೂಲಿಗೆ. ಹಳೆಯ ನಿರುದ್ಯೋಗ ಆಯೋಗ ಮಾರುಕಟ್ಟೆಗಿಂತ ಕಡಿಮೆ ಕೂಲಿ ಕೊಡುತ್ತಿತ್ತು, ಮುಷ್ಕರ ನಡೆಯುತ್ತಿದ್ದ ಜಾಗಕ್ಕೂ ನಿರುದ್ಯೋಗಿಗಳನ್ನು ಕಳಿಸಬಹುದಿತ್ತು. ಹೀಗೆ ನಿರುದ್ಯೋಗಿಯೇ ಯೂನಿಯನ್ನಿನ ಕತ್ತಿಗೆ ಉರುಳಾಗುತ್ತಿದ್ದ. 1933ರಲ್ಲಿ ಒಬ್ಬರು ಬೆಣ್ಣೆಯ ಬೆಲೆ ಒಪ್ಪಿದರು, ಇನ್ನೊಬ್ಬರು ಕಾಮಗಾರಿಯ ಕೂಲಿ ಒಪ್ಪಿದರು.

ಪ್ರಧಾನಿ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲೇ ‘ಜನರ ಮನೆ’ ಎಂಬ ಮಾತನ್ನು ಬಳಕೆಗೆ ತಂದಿದ್ದರು. ಆ ಮಾತಿಗೆ ಗೋಡೆ, ಚಾವಣಿ ಬಂದದ್ದು ಈ ವ್ಯವಹಾರದಿಂದ.

ಸಿದ್ಧಾಂತದ ಕಡೆ ಒಂದು ಹೆಸರು ನಮ್ಮಲ್ಲಿ ಕೇಳಿಬರುವುದೇ ಇಲ್ಲ: ನಿಲ್ಸ್ ಕಾರ್ಲೆಬಿ, 1926ರಲ್ಲಿ ತೀರಿಕೊಂಡರು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಡೆತನ ಅನ್ನುವುದು ಬಂಡೆಯಲ್ಲ, ಸೌದೆ ಹೊರೆ. ಬೆಲೆ ಕಟ್ಟುವ ಹಕ್ಕು, ಆಳನ್ನು ತೆಗೆಯುವ ಹಕ್ಕು, ಕೆಲಸದ ಹೊತ್ತು ಗೊತ್ತುಮಾಡುವ ಹಕ್ಕು, ಲಾಭ ಎತ್ತುವ ಹಕ್ಕು ಒಂದೊಂದೂ ಒಂದೊಂದು ಕಟ್ಟಿಗೆ. ಹೊರೆಯನ್ನೇ ಕಿತ್ತುಕೊಳ್ಳಬೇಕಿಲ್ಲ, ಬೇಕಾದ ಕಟ್ಟಿಗೆಯನ್ನು ಎಳೆದುಕೊಂಡರೆ ಸಾಕು. ಎಂಟು ಗಂಟೆಯ ದುಡಿಮೆ ಒಂದು ಕಟ್ಟಿಗೆ, ವಜಾ ಮಾಡುವ ಮುಂಚೆ ನೋಟಿಸ್ ಇನ್ನೊಂದು.

ನಮ್ಮ ಗೇಣಿ ಕಾನೂನು ಬಲ್ಲವರಿಗೆ ಇದು ಹೊಸದಲ್ಲ. 1961ರ ಭೂ ಸುಧಾರಣಾ ಕಾಯ್ದೆ ಗೇಣಿಗೆ ಮಿತಿ ಹಾಕಿದಾಗ ಒಂದು ಕಟ್ಟಿಗೆ ಎಳೆಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ 1974ರ ತಿದ್ದುಪಡಿ ಹೊರೆಯನ್ನೇ ಕೈ ಬದಲಿಸಿತು. ಸ್ವೀಡನ್ 1970ರ ದಶಕದವರೆಗೆ ಮೊದಲನೆಯ ದಾರಿಯಲ್ಲೇ ನಡೆಯಿತು.

ಲೆಕ್ಕದಕಡತ

ಈಗ ಯಂತ್ರದ ನಡುಭಾಗಕ್ಕೆ ಬರೋಣ. ಎಲ್‌ಒ ಕಚೇರಿಯ ಇಬ್ಬರು ಅರ್ಥಶಾಸ್ತ್ರಜ್ಞರು, ಯೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್, 1951ರ ಎಲ್‌ಒ ಮಹಾಧಿವೇಶನಕ್ಕೆ ಒಂದು ವರದಿ ಕೊಟ್ಟರು. ಅವರ ಮುಂದಿದ್ದ ಪ್ರಶ್ನೆ: ಎಲ್ಲರಿಗೂ ಕೆಲಸ ಇದ್ದರೆ ಕೂಲಿ ಏರುತ್ತದೆ, ಅದರ ಹಿಂದೆ ಬೆಲೆ ಏರುತ್ತದೆ. ಬೆಲೆ ಹಿಡಿಯಲು ನಿರುದ್ಯೋಗ ಬೇಕೇ ಬೇಕೆ?

ಉದಾಹರಣೆಗೆ ಮೂರು ಕಾರ್ಖಾನೆ ಇಟ್ಟುಕೊಳ್ಳಿ. ಅಂಕಿಗಳು ಬರೀ ಲೆಕ್ಕಕ್ಕೆ. ಗಂಟೆಗೆ ಮೊದಲನೆಯದು 22 ಕ್ರೋನರ್ (ಅಲ್ಲಿನ ಹಣ ಕ್ರೋನಾ) ಕೂಲಿ ತಾಳುತ್ತದೆ, ಎರಡನೆಯದು 18, ಮೂರನೆಯದು 14. ಒಂದೊಂದು ಕಾರ್ಖಾನೆಯಲ್ಲೂ ಬೇರೆಬೇರೆ ಚೌಕಾಸಿ ನಡೆದರೆ ಕೂಲಿ 20, 17, 13 ಆಗಿ ನಿಲ್ಲುತ್ತದೆ. ಒಂದೇ ಕೆಲಸಕ್ಕೆ ಮೂರು ದರ. ಎಲ್‌ಒ ಹೇಳಿದ್ದು: ಕಾರ್ಖಾನೆಯ ಲಾಭ ನೋಡಬೇಡಿ, ಕೆಲಸ ನೋಡಿ, ಎಲ್ಲ ಕಡೆಯೂ 17. ಆಗ ಮೂರನೆಯದು ಮುಚ್ಚುತ್ತದೆ ಅಥವಾ ಯಂತ್ರ ಬದಲಿಸುತ್ತದೆ. ಮೊದಲನೆಯದಕ್ಕೆ ಗಂಟೆಗೆ 2ರ ಬದಲು 5 ಕ್ರೋನರ್ ಉಳಿಯುತ್ತದೆ, ಅದು ಬೆಳೆದು ಹೊಸ ಆಳು ತೆಗೆದುಕೊಳ್ಳುತ್ತದೆ. ಸರ್ಕಾರದ ಕೆಲಸ ಮೂರನೆಯ ಕಾರ್ಖಾನೆಯನ್ನು ಬದುಕಿಸುವುದಲ್ಲ, ಅಲ್ಲಿನ ಕೆಲಸಗಾರನನ್ನು ಮೊದಲನೆಯದಕ್ಕೆ ತಲುಪಿಸುವುದು. 1948ರಲ್ಲಿ ಶುರುವಾದ ಎಎಂಎಸ್ ಎಂಬ ಕಾರ್ಮಿಕ ಮಾರುಕಟ್ಟೆ ಮಂಡಳಿಗೆ ಇದೇ ಕೆಲಸ: ಉದ್ಯೋಗ ವಿನಿಮಯ ಕೇಂದ್ರ, ಭತ್ಯೆ ಸಮೇತ ಹೊಸ ಕಸುಬಿನ ತರಬೇತಿ, ಊರು ಬಿಟ್ಟು ಹೋಗುವವರಿಗೆ ಸಾಗಾಟದ ಹಣ.

ಇಲ್ಲಿ ಎಲ್ಲರೂ ಮರೆಯುವ ಭಾಗ ಬಿಗಿ ಬಜೆಟ್. ಖಜಾನೆ ಧಾರಾಳವಾಗಿ ಖರ್ಚು ಮಾಡಿದರೆ ಬೇಡಿಕೆ ಎಲ್ಲ ಕಡೆ ಉಕ್ಕುತ್ತದೆ, ಮೂರನೆಯ ಕಾರ್ಖಾನೆಯೂ ಹಾಗೇ ಉಸಿರಾಡಿಕೊಂಡಿರುತ್ತದೆ, ಮೊದಲನೆಯದು ಆಳು ಸೆಳೆಯಲು ಒಪ್ಪಂದ ಮೀರಿ ಕೂಲಿ ಕೊಡುತ್ತದೆ. ಆದ್ದರಿಂದ ಒಟ್ಟು ಬೇಡಿಕೆಯನ್ನು ತೆರಿಗೆಯಿಂದ ಹಿಡಿದಿಟ್ಟು, ಎಲ್ಲಿ ನಿರುದ್ಯೋಗ ಕಾಣುತ್ತದೋ ಅಲ್ಲಿಗೆ ಮಾತ್ರ ಎಎಂಎಸ್ ಹಣ ಹೋಗಬೇಕು. ಕಾರ್ಮಿಕ ಸಂಘದವರೇ ‘ಬಜೆಟ್ ಬಿಗಿ ಮಾಡಿ’ ಅಂತ ಬರೆದರು.

ಮಿಲ್‌ಗೇಟ್

ಲೆಕ್ಕದಕಡತ ಅವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲ ಕಡೆ 17 ಅಂತ ಹೇಳಲು ಒಂದೇ ಮೇಜು ಬೇಕು. 1956ರಿಂದ 1980ರ ದಶಕದ ಆರಂಭದವರೆಗೆ ಎಲ್‌ಒ ಮತ್ತು ಎಸ್‌ಎಎಫ್ ಇಡೀ ದೇಶಕ್ಕೆ ಒಂದೇ ಮೇಜಿನಲ್ಲಿ ಕೂಲಿ ಚರ್ಚಿಸಿದವು. ಕೇಂದ್ರದಲ್ಲಿ ಒಟ್ಟು ಏರಿಕೆ, ಆಮೇಲೆ ಒಂದೊಂದು ಉದ್ಯಮದ ಸಂಘ, ಕೊನೆಗೆ ಕಾರ್ಖಾನೆಯ ಮಟ್ಟ. ಅಗ್ಗದ ಕೂಲಿಯಿಂದ ತಮ್ಮ ದರ ಕೆಡಿಸುವವರು ಇರಬಾರದೆಂದು ದೊಡ್ಡ ರಫ್ತು ಕಂಪನಿಗಳ ಮಾಲೀಕರಿಗೂ ಈ ಮೇಜು ಬೇಕಿತ್ತು. ಇದನ್ನು ಬಿಟ್ಟು ಕಥೆ ಹೇಳಿದರೆ ಕಾರ್ಮಿಕರು ಒತ್ತಿದರು, ಮಾಲೀಕರು ಬಗ್ಗಿದರು ಅಂತ ತಪ್ಪು ಅರ್ಥವಾಗುತ್ತದೆ.

ಹೊಂಗೆನೆರಳು

ಎರಡನೇ ಸಲ ಓದಿದೆ, ಈಗ ಹಿಡಿತ ಸಿಕ್ಕಿತು. ಒಂದು ಅನುಮಾನ: ಮೊದಲನೇ ಕಾರ್ಖಾನೆಯ ಕೆಲಸಗಾರ 20 ಸಿಗುವ ಕಡೆ 17 ಯಾಕೆ ಒಪ್ಪುತ್ತಾನೆ? ಮುಚ್ಚಿದ ಕಾರ್ಖಾನೆಯವನು ಊರು ಯಾಕೆ ಬಿಡುತ್ತಾನೆ?

ತುಂಗೆತಡಿ

ಎರಡೂ ಕಡೆ ಯಂತ್ರ ಕಿರುಗುಟ್ಟಿತು. ಮೊದಲನೆಯದಕ್ಕೆ ಉತ್ತರ ಸಂಘಟನೆಯ ಒಳಗಿದೆ. 1912ರಲ್ಲಿ ಶುರುವಾದ ಎಬಿಎಫ್ ಎಂಬ ಕಾರ್ಮಿಕ ಶಿಕ್ಷಣ ಸಂಸ್ಥೆಯ ಓದುಕೂಟಗಳನ್ನು ನೋಡಿ. ಹತ್ತು ಹನ್ನೆರಡು ಜನ, ವಾರಕ್ಕೊಂದು ಸಂಜೆ, ಮುಂದೆ ಒಂದು ಪುಸ್ತಕ ಅಥವಾ ವರದಿ. ಮೇಷ್ಟ್ರು ಬೇಕಿಲ್ಲ, ಕೂಟದವರಲ್ಲೇ ಒಬ್ಬರು ನಡೆಸುತ್ತಾರೆ. ಸಭೆ ನಡೆಸುವುದು, ನಡಾವಳಿ ಬರೆಯುವುದು, ಕಂಪನಿಯ ಜಮಾಖರ್ಚು ಓದುವುದು ಎಲ್ಲ ಇಲ್ಲೇ ಕಲಿಯುವುದು. ಎಲ್‌ಒ ವರದಿಗಳು ಅಧಿವೇಶನಕ್ಕೆ ಮುಂಚೆ ಇಂಥ ಕೂಟಗಳಿಗೆ ಇಳಿಯುತ್ತಿದ್ದವು. ಊರೂರಿನ ‘ಜನರ ಭವನ’ಗಳನ್ನು ಕಾರ್ಮಿಕರೇ ಚಂದಾ ಎತ್ತಿ, ಕೈಯಾರೆ ದುಡಿದು ಕಟ್ಟಿಕೊಂಡಿದ್ದರು, ಏಕೆಂದರೆ ಸಭೆಗೆ ಬಾಡಿಗೆ ಜಾಗ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಸೋಷಿಯಲ್ ಡೆಮಾಕ್ರಸಿಯ ಬೇರು ಈ ಕೋಣೆಗಳಲ್ಲಿದೆ. ಇದನ್ನು ಬಿಟ್ಟು ಬಜೆಟ್ ಪುಸ್ತಕ ಮಾತ್ರ ನಕಲು ಮಾಡಿದ ಕಡೆ ಅದು ಚಿಗುರಿಲ್ಲ.

ಎರಡನೆಯದಕ್ಕೆ ಉತ್ತರ ಅಷ್ಟು ಸಿಹಿಯಲ್ಲ. ಉತ್ತರದ ನೋರ್‌ಲಾಂಡ್‌ನಲ್ಲಿ ಕಾಡಿನ ಕೆಲಸ, ಸಣ್ಣ ಬೇಸಾಯ ಮುಗಿಯುತ್ತಾ ಬಂದಂತೆ ಜನ ದಕ್ಷಿಣದ ಕಾರ್ಖಾನೆ ಊರುಗಳಿಗೆ ಹೊರಟರು. ಎಎಂಎಸ್ ಎಂಬ ಮೂರಕ್ಷರವನ್ನು ಅಲ್ಲಿಯವರು ‘ಅಲ್ಲಾ ಮೋಸ್ತೆ ಸೋದರೂತ್’ ಅಂತ ಬಿಡಿಸಿ ಓದಿದರು, ಅಂದರೆ ‘ಎಲ್ಲರೂ ತೆಂಕಣಕ್ಕೆ ಹೋಗಲೇಬೇಕು’. ಖಾಲಿಯಾದ ಹಳ್ಳಿಯ ನೋವು ಅದರಲ್ಲಿದೆ. ಇತ್ತ ದಕ್ಷಿಣದಲ್ಲಿ ಮನೆ ಸಾಲಲಿಲ್ಲ. ಕೆಲಸ ಕೊಟ್ಟು ಸೂರು ಕೊಡದಿದ್ದರೆ ಯಾರು ಬರುತ್ತಾರೆ? 1965ರಿಂದ 1974ರವರೆಗೆ ಹತ್ತು ಲಕ್ಷ ಮನೆ ಕಟ್ಟುವ ಯೋಜನೆ ಬಂದದ್ದರಲ್ಲಿ ಈ ಒತ್ತಡದ ಪಾಲು ದೊಡ್ಡದು. ಆಗ ದೇಶದ ಜನಸಂಖ್ಯೆ ಸುಮಾರು 80 ಲಕ್ಷ ಎಂಬುದು ನೆನಪಿರಲಿ.

ವಿಜಯಪುರದವ

80 ಲಕ್ಷ ಮಂದಿಗೆ ಹತ್ತು ಲಕ್ಷ ಮನಿ! ಇದನ್ನ ಎರಡು ಸರ್ತಿ ಓದಿದ್ನಿ.

ಲೆಕ್ಕದಕಡತ

ಕಿರುಗುಟ್ಟಿದ್ದು ಮಾತ್ರವಲ್ಲ, ಮುಂದೆ ಹಲ್ಲೂ ಮುರಿದವು.

ಮೊದಲನೆಯದು, ಒಪ್ಪಂದ ಮೀರಿದ ಕೂಲಿ. ಕೇಂದ್ರದ ಮೇಜಿನಲ್ಲಿ ಏರಿಕೆ ಇಷ್ಟು ಅಂತ ಆದರೂ ಲಾಭದ ಕಾರ್ಖಾನೆಗಳು ತುಂಡುಗೂಲಿಯ ದರ ಸಡಿಲಿಸಿ ಮೇಲೆ ಕೊಡುತ್ತಿದ್ದವು. ಹಿಂದುಳಿದ ಸಂಘಗಳು ‘ಅವರಿಗೆ ಹೆಚ್ಚಿಗೆ ಸಿಕ್ಕಿದ್ದು ನಮಗೂ ಭರ್ತಿಯಾಗಬೇಕು’ ಎಂಬ ಷರತ್ತನ್ನು ಮುಂದಿನ ಒಪ್ಪಂದದಲ್ಲಿ ಬರೆಸಿದವು. ಅಲ್ಲಿಗೆ ಏಣಿಯಾಟ ಶುರು.

ಎರಡನೆಯದು, ಕೆಳಗಿನವರ ದನಿ ಮೇಲಕ್ಕೆ ಮುಟ್ಟದೇ ಹೋದದ್ದು. 1969ರ ಡಿಸೆಂಬರ್‌ನಲ್ಲಿ ಕಿರೂನಾ ಸುತ್ತಲಿನ ಕಬ್ಬಿಣದ ಗಣಿಗಳಲ್ಲಿ ಸುಮಾರು 5,000 ಜನ ತಮ್ಮದೇ ಯೂನಿಯನ್ ಸಹಿ ಹಾಕಿದ ಒಪ್ಪಂದದ ವಿರುದ್ಧ ಕೆಲಸ ನಿಲ್ಲಿಸಿದರು. ಗಣಿ ಕಂಪನಿ ಸರ್ಕಾರದ್ದೇ, ಸರ್ಕಾರ ಕಾರ್ಮಿಕ ಪಕ್ಷದ್ದೇ. ಮುಷ್ಕರ 1970ರ ಫೆಬ್ರವರಿಯವರೆಗೆ ನಡೆಯಿತು. ಆಮೇಲೆ ಕಾಯ್ದೆಗಳು ಸಾಲುಗಟ್ಟಿದವು: 1974ರಲ್ಲಿ ಉದ್ಯೋಗ ರಕ್ಷಣೆ, 1976ರಲ್ಲಿ ಕಂಪನಿಯ ನಿರ್ಧಾರಗಳಲ್ಲಿ ಕಾರ್ಮಿಕರಿಗೂ ಮಾತು ಕೊಡುವ ಸಹ-ನಿರ್ಧಾರದ ಕಾಯ್ದೆ. 1906ರಲ್ಲಿ ಮಾಲೀಕರಿಗೆ ಬಿಟ್ಟುಕೊಟ್ಟ ಕಟ್ಟಿಗೆಗಳನ್ನು, ತುಂಗೆತಡಿ ಅವರ ಮಾತಿನಲ್ಲಿ ಹೇಳುವುದಾದರೆ, ಈಗ ಒಂದೊಂದಾಗಿ ಎಳೆಯತೊಡಗಿದರು. ಆದರೆ ಮಾತುಕತೆಯಿಂದಲ್ಲ, ಕಾಯ್ದೆಯಿಂದ. ಮಾಲೀಕರ ಒಕ್ಕೂಟ ದೂರ ಸರಿಯಲು ಇದೂ ಒಂದು ಕಾರಣ.

ಮೂರನೆಯದು, ಬಿಗಿ ಬಜೆಟ್ ಕೈಬಿಟ್ಟದ್ದು. 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ ಮುಳುಗುತ್ತಿದ್ದ ಹಡಗು ಕಟ್ಟುವ ಉದ್ಯಮಕ್ಕೆ ಸರ್ಕಾರ ಹಣ ಸುರಿಯಿತು. ಅದು ಮೂರನೆಯ ಕಾರ್ಖಾನೆಯನ್ನು ಬದುಕಿಸುವ ಕೆಲಸ, ಮಾದರಿ ಬೇಡ ಅಂದದ್ದೇ ಅದನ್ನು. ಜೊತೆಗೆ ಕ್ರೋನಾದ ಬೆಲೆ ಇಳಿಸುತ್ತಾ ಹೋದರು: 1981ರಲ್ಲಿ ಶೇ 10, 1982ರಲ್ಲಿ ಶೇ 16. ರಫ್ತು ಕಂಪನಿಗಳ ಲಾಭ ಉಕ್ಕಿತು, ಆ ಲಾಭದಿಂದ ಕೂಲಿ ಮತ್ತೆ ಒಪ್ಪಂದ ಮೀರಿ ಏರಿತು. 1983ರಲ್ಲಿ ಎಂಜಿನಿಯರಿಂಗ್ ಉದ್ಯಮದ ಮಾಲೀಕರೂ ಲೋಹ ಕಾರ್ಮಿಕರ ಸಂಘವೂ ಕೇಂದ್ರದ ಮೇಜು ಬಿಟ್ಟು ಪ್ರತ್ಯೇಕವಾಗಿ ಸಹಿ ಹಾಕಿದರು. ಮೊದಲನೆಯ ಕಾರ್ಖಾನೆಯವನು 17 ಒಪ್ಪುವುದನ್ನು ನಿಲ್ಲಿಸಿದ ಗಳಿಗೆ ಅದು.

ಹೊಂಗೆನೆರಳು

ಮೊದಲನೆಯ ಕಾರ್ಖಾನೆಯಲ್ಲಿ ಉಳಿಯುವ 5 ಕ್ರೋನರ್ ಮಾಲೀಕನ ಜೇಬಿಗೇ ಹೋಯಿತಲ್ಲ? ಕಾರ್ಮಿಕ ತ್ಯಾಗ ಮಾಡಿದ್ದು ಷೇರುದಾರನಿಗಾಗಿಯೇ?

ಲೆಕ್ಕದಕಡತ

ಮೈಡ್ನರ್‌ಗೂ ಇದೇ ಪ್ರಶ್ನೆ ಕಾಡಿತು. 1975ರಲ್ಲಿ ಪ್ರಸ್ತಾವ ಬರೆದರು, 1976ರ ಎಲ್‌ಒ ಅಧಿವೇಶನ ಅದನ್ನು ಒಪ್ಪಿತು. ಕಂಪನಿ ಪ್ರತಿ ವರ್ಷ ಲಾಭದ ಶೇ 20ರಷ್ಟಕ್ಕೆ ಹೊಸ ಷೇರು ಹೊರಡಿಸಿ ಕಾರ್ಮಿಕರ ನಿಧಿಗೆ ಕೊಡಬೇಕು. ನಗದು ಹೊರಗೆ ಹೋಗುವುದಿಲ್ಲ, ಬಂಡವಾಳ ಕಂಪನಿಯಲ್ಲೇ ಉಳಿಯುತ್ತದೆ, ಒಡೆತನ ಮಾತ್ರ ಸರಿಯುತ್ತದೆ. ಷೇರು ಒಬ್ಬೊಬ್ಬ ಕೆಲಸಗಾರನ ಹೆಸರಿಗಲ್ಲ, ಒಟ್ಟು ನಿಧಿಗೆ. ಇಲ್ಲದಿದ್ದರೆ ಲಾಭದ ಕಾರ್ಖಾನೆಯವನೇ ಮತ್ತೆ ಮುಂದೆ ಹೋಗಿ ಕೂಲಿ ಸಮಾನತೆ ಹಿಂಬಾಗಿಲಿನಿಂದ ಕೆಡುತ್ತಿತ್ತು.

ಲೆಕ್ಕ ಹೀಗೆ: ಲಾಭ ಬಂಡವಾಳದ ಶೇ 10 ಇದ್ದರೆ ಅದರ ಶೇ 20 ಅಂದರೆ ಬಂಡವಾಳದ ಶೇ 2. ಹಳೆಯ ಷೇರುದಾರರ ಪಾಲು ವರ್ಷ ವರ್ಷ 1.02ರಿಂದ ಭಾಗವಾಗುತ್ತಾ ಹೋದರೆ ಅರ್ಧಕ್ಕಿಳಿಯಲು 35 ವರ್ಷ. ಲಾಭ ಶೇ 20 ಇದ್ದರೆ ಸುಮಾರು 18 ವರ್ಷ. ಲಾಭ ಹೆಚ್ಚಿದ್ದಷ್ಟೂ ಒಡೆತನ ಬೇಗ ಬದಲಾಗುತ್ತದೆ.

ಮಿಲ್‌ಗೇಟ್

ಇಲ್ಲಿ ರಾಜಕೀಯ ಎಡವಿತು. 1976ರ ಸೆಪ್ಟೆಂಬರ್ ಚುನಾವಣೆಯಲ್ಲಿ ಪಕ್ಷ ಸೋತಿತು, ಮತ ಶೇ 42.7. ಅಣುಶಕ್ತಿಯ ಜಗಳವೂ ಇತ್ತು, ಎಲ್ಲ ಭಾರವನ್ನೂ ನಿಧಿಯ ಮೇಲೆ ಹೊರಿಸಲಾಗದು. 1982ರಲ್ಲಿ ಮರಳಿ ಬಂದ, ಸೋಷಿಯಲ್ ಡೆಮಾಕ್ರಾಟ್ ಪ್ರಧಾನಿ ಓಲೋಫ್ ಪಾಲ್ಮೆ ಸರ್ಕಾರ ಯೋಜನೆಯನ್ನು ತೆಳ್ಳಗೆ ಮಾಡಿ 1983ರ ಡಿಸೆಂಬರ್‌ನಲ್ಲಿ ಕಾಯ್ದೆ ತಂದಿತು: ಐದು ನಿಧಿ, ಹಣ ತೆರಿಗೆಯಿಂದ, ಷೇರು ಪೇಟೆಯಲ್ಲಿ ಕೊಳ್ಳುವುದು. ಅದೇ ವರ್ಷದ ಅಕ್ಟೋಬರ್ 4ರಂದು ಉದ್ಯಮಿಗಳು ಸ್ಟಾಕ್‌ಹೋಮ್ ಬೀದಿಗಿಳಿದರು, ಹತ್ತಾರು ಸಾವಿರ ಜನ. 1991ರಲ್ಲಿ ಬಂದ ಬಲಪಂಥೀಯ ಸರ್ಕಾರ ನಿಧಿಗಳನ್ನು ಮುಚ್ಚಿತು.

ಎಡವಿದ ಜಾಗ ಯಾವುದೆಂದರೆ, ಕೆಲಸಗಾರನಿಗೆ ‘ಇದರಿಂದ ನನಗೇನು ಬಂತು’ ಅಂತ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಪಿಂಚಣಿಯ ಚೀಟಿ ಕೈಗೆ ಬರುತ್ತದೆ, ಮಕ್ಕಳ ಭತ್ಯೆ ಕೈಗೆ ಬರುತ್ತದೆ. ನಿಧಿಯ ಷೇರು ಯಾರ ಕೈಗೂ ಬರುವುದಿಲ್ಲ.

ತುಂಗೆತಡಿ

ಪಿಂಚಣಿಯ ಮಾತು ಬಂತು, ಅದಕ್ಕೆ ಇಲ್ಲಿ ಎರಡು ಪ್ಯಾರಾ ಸಲ್ಲಬೇಕು. 1948ರಿಂದ ಎಲ್ಲರಿಗೂ ಒಂದೇ ಮೊತ್ತದ ಮೂಲ ಪಿಂಚಣಿ ಇತ್ತು. ಕಚೇರಿ ನೌಕರರಿಗೆ ಕಂಪನಿಯ ಪಿಂಚಣಿ ಬೇರೆ ಬರುತ್ತಿತ್ತು, ಕಾರ್ಖಾನೆಯವರಿಗೆ ಬಹುಪಾಲು ಇರಲಿಲ್ಲ. ಎಟಿಪಿ ಎಂಬ ಕಡ್ಡಾಯ ಹೆಚ್ಚುವರಿ ಪಿಂಚಣಿಯ ಬಗ್ಗೆ 1957ರಲ್ಲಿ ಮೂರು ಆಯ್ಕೆ ಇಟ್ಟು ಜನಮತ ಕೇಳಿದರು. 1959ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ 115-114ರಿಂದ ಪಾಸಾಯಿತು. ತೂರೆ ಕೋನಿಗ್‌ಸನ್ ಎಂಬ ಲಿಬರಲ್ ಸದಸ್ಯ ತಮ್ಮ ಪಕ್ಷದ ಜೊತೆ ಮತ ಹಾಕದೆ ತಟಸ್ಥರಾಗಿ ಉಳಿದದ್ದರಿಂದ ಬಂದ ಅಂತರ ಅದು.

ಸೂತ್ರ ನೋಡಿ: 30 ವರ್ಷದ ದುಡಿಮೆ, ಅದರಲ್ಲಿ ಅತಿ ಹೆಚ್ಚು ಗಳಿಸಿದ 15 ವರ್ಷದ ಸರಾಸರಿ, ಒಂದು ಮಿತಿಯೊಳಗೆ ಅದರ ಶೇ 60. ವಯಸ್ಸಿನ ಜೊತೆ ಸಂಬಳ ಏರುವ ಕಚೇರಿ ನೌಕರನಿಗೆ ಇದು ಲಾಭ. ಮಧ್ಯಮ ವರ್ಗ ಹೊರಗೆ ನಿಂತು ‘ಬಡವರಿಗೆ ನಾವು ಕೊಡುತ್ತಿದ್ದೇವೆ’ ಅನ್ನುವ ಬದಲು ‘ಇದು ನಮ್ಮದು’ ಅಂದಿತು. ವಾಲ್ಟರ್ ಕೊರ್ಪಿ ಮತ್ತು ಯೋಆಕಿಮ್ ಪಾಲ್ಮೆ 1998ರ ಅಧ್ಯಯನದಲ್ಲಿ ದೇಶದೇಶಗಳ ಲೆಕ್ಕ ಹೋಲಿಸಿ ತೋರಿಸಿದ್ದೂ ಇದನ್ನೇ: ಬಡವರಿಗೆ ಮಾತ್ರ ಅಂತ ಗೆರೆ ಎಳೆದ ದೇಶಗಳಲ್ಲಿ ಒಟ್ಟು ಹಣವೇ ಕಮ್ಮಿಯಾಗಿ ಬಡವರಿಗೆ ಸಿಗುವುದೂ ಕಮ್ಮಿಯಾಗುತ್ತದೆ.

ವಿಜಯಪುರದವ

ಹಂಗಾದ್ರ ನಮ್ಮ ಗ್ಯಾರಂಟಿ ಯೋಜನೆಗಳನ್ನ ಈ ಲೆಕ್ಕದಾಗ ಎಲ್ಲಿ ಇಡ್ತೀರಿ ಮೇಡಂ?

ತುಂಗೆತಡಿ

ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ ಸರ್. ಶಕ್ತಿ ಯೋಜನೆ 2023ರ ಜೂನ್ 11ರಿಂದ ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ ಆಯಿತು, ಆದಾಯ ಕೇಳುವವರಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಹಾಗಲ್ಲ. ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಸಿಗುವುದಿಲ್ಲ. ಕೊರ್ಪಿ-ಪಾಲ್ಮೆ ತರ್ಕದಲ್ಲಿ ಮೊದಲನೆಯದು ಗಟ್ಟಿ ನೆಲದ ಮೇಲಿದೆ, ಎರಡನೆಯದಕ್ಕೆ ತೆರಿಗೆ ಕಟ್ಟುವವರ ಮುನಿಸು ಸದಾ ಎದುರಾಗುತ್ತದೆ. ಆದರೆ ಎರಡೂ ಸರ್ಕಾರ ಕೊಡುವ ಸವಲತ್ತುಗಳೇ. ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಾಲೀಕನ ಎದುರು ಕೂತು ಕೂಲಿ ಚೌಕಾಸಿ ಮಾಡುವ ಮೇಜು ಅದರಿಂದ ಹುಟ್ಟುವುದಿಲ್ಲ. ಆ ಮೇಜಿಲ್ಲದೆ ಇದನ್ನು ಸೋಷಿಯಲ್ ಡೆಮಾಕ್ರಸಿ ಅಂತ ಕರೆಯಲು ನಾನು ಒಪ್ಪುವುದಿಲ್ಲ. ಯೋಜನೆ ಬೇಡ ಅಂತಲ್ಲ, ಅದು ಬೇಕೇ ಬೇಕು. ಹೆಸರು ಬೇರೆ.

ಹಳೇಬಂದರು

ಒಂದು ಆಕ್ಷೇಪ. ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿತ್ತು, ಕಾರ್ಖಾನೆಗಳು ಬಾಂಬಿಗೆ ಸಿಗಲಿಲ್ಲ. ಯುರೋಪ್ ಮತ್ತೆ ಕಟ್ಟಿಕೊಳ್ಳುವಾಗ ಕಬ್ಬಿಣದ ಅದಿರು, ಮರ, ಯಂತ್ರ ಎಲ್ಲ ಇವರಿಂದ ಹೋಯಿತು. 25 ವರ್ಷದ ಆ ಸುಗ್ಗಿಯ ಫಲವನ್ನು ನೀವೆಲ್ಲ ಒಪ್ಪಂದಗಳ ಖಾತೆಗೆ ಜಮಾ ಮಾಡುತ್ತಿದ್ದೀರಿ. ಸುಗ್ಗಿ ಮುಗಿದ ಮೇಲೆ 1990ರ ದಶಕದಲ್ಲಿ ಏನಾಯಿತು ಅದನ್ನೂ ಬರೆಯಿರಿ.

ಲೆಕ್ಕದಕಡತ

ಸುಗ್ಗಿಯ ಮಾತು ಒಪ್ಪಿದೆ ಹಳೇಬಂದರು ಅವರೇ. ಆದರೆ ಅದೇ ಸುಗ್ಗಿ ಬೇರೆ ದೇಶಗಳಿಗೂ ಇತ್ತು, ಕೂಲಿಯ ಅಂತರ ಎಲ್ಲ ಕಡೆ ಇಷ್ಟು ತಗ್ಗಲಿಲ್ಲ. ಬೆಳೆ ಮಳೆಯಿಂದ ಬಂತು, ಹಂಚಿಕೆ ಮಳೆಯಿಂದ ಬರಲಿಲ್ಲ.

1990ರ ಕಥೆ: 1985ರ ನವೆಂಬರ್‌ನಲ್ಲಿ ಬ್ಯಾಂಕ್ ಸಾಲದ ಮೇಲಿನ ಮಿತಿ ತೆಗೆದರು, ಆಗಲೂ ಸೋಷಿಯಲ್ ಡೆಮಾಕ್ರಾಟರದೇ ಸರ್ಕಾರ. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದ್ದದ್ದರಿಂದ ಜನ, ಕಂಪನಿ ಎಲ್ಲರೂ ಸಾಲ ಎತ್ತಿದರು, ಜಾಗ-ಕಟ್ಟಡಗಳ ಬೆಲೆ ಹಾರಿತು. ಗುಳ್ಳೆ ಒಡೆದಾಗ 1991, 92, 93 ಮೂರೂ ವರ್ಷ ಆರ್ಥಿಕತೆ ಕುಗ್ಗಿತು. 1992ರ ಸೆಪ್ಟೆಂಬರ್‌ನಲ್ಲಿ ಕ್ರೋನಾ ಉಳಿಸಲು ಕೇಂದ್ರ ಬ್ಯಾಂಕ್ ಒಂದು ಬಡ್ಡಿದರವನ್ನು ಶೇ 500ಕ್ಕೆ ಏರಿಸಿತು, ಆದರೂ ನವೆಂಬರ್ 19ಕ್ಕೆ ಕ್ರೋನಾವನ್ನು ತೇಲಲು ಬಿಡಬೇಕಾಯಿತು, ಅಂದರೆ ಅದರ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟರು. ಶೇ 2ಕ್ಕಿಂತ ಕಡಿಮೆ ಇದ್ದ ನಿರುದ್ಯೋಗ ಶೇ 8 ದಾಟಿತು. ಇಷ್ಟು ಜನಕ್ಕೆ ತರಬೇತಿ ಕೊಟ್ಟು ಕಳಿಸಲು ಎಎಂಎಸ್‌ಗೆ ‘ಮೊದಲನೆಯ ಕಾರ್ಖಾನೆ’ಯೇ ಉಳಿದಿರಲಿಲ್ಲ.

ಯೋತೆಬೊರಿ_ಕನ್ನಡತಿ

ಇಂದಿನ ಸ್ಥಿತಿಯನ್ನು ಸೇರಿಸುತ್ತೇನೆ, ಇಲ್ಲಿಗೆ ಕೆಲಸಕ್ಕೆ ಬರುವ ಕನ್ನಡಿಗರಿಗೂ ಉಪಯೋಗಕ್ಕೆ ಬಂದೀತು.

ಕೇಂದ್ರದ ಮೇಜು ಹೋಯಿತು, ಆದರೆ 1997ರಿಂದ ಕೈಗಾರಿಕಾ ಒಪ್ಪಂದ ಎಂಬ ಹೊಸ ಏರ್ಪಾಡು ಇದೆ. ರಫ್ತು ಉದ್ಯಮದ ಐದು ಸಂಘಗಳು ಮತ್ತು ಮಾಲೀಕರು ಮೊದಲು ಸಹಿ ಹಾಕುತ್ತಾರೆ. ಆ ಏರಿಕೆಯ ಅಂಕಿಯೇ ‘ಮಾರ್ಕೆತ್’, ಅಂದರೆ ಗುರುತು. ಉಳಿದ ಉದ್ಯಮಗಳು ಅದರ ಆಸುಪಾಸಿನಲ್ಲೇ ನಿಲ್ಲುತ್ತವೆ. 2023ರಲ್ಲಿ ಎರಡು ವರ್ಷಕ್ಕೆ ಶೇ 7.4, 2025ರಲ್ಲಿ ಎರಡು ವರ್ಷಕ್ಕೆ ಶೇ 6.4. ಸುಮಾರು ಹತ್ತರಲ್ಲಿ ಒಂಬತ್ತು ಕೆಲಸಗಾರರು ಯಾವುದಾದರೊಂದು ಸಾಮೂಹಿಕ ಒಪ್ಪಂದದಡಿ ಬರುತ್ತಾರೆ. ಕನಿಷ್ಠ ವೇತನದ ಕಾಯ್ದೆ ಬೇಡ ಅಂತ ಯೂನಿಯನ್‌ಗಳೇ ಹೇಳುವುದು ಇದಕ್ಕೇ: ಸಂಸತ್ತು ದರ ಕಟ್ಟಿದರೆ ಜನ ಸಂಘಕ್ಕೆ ಸೇರುವುದು ಯಾಕೆ?

ಸಂಘಕ್ಕೆ ಸೇರಿಸುವ ದೊಡ್ಡ ಕೊಂಡಿ ನಿರುದ್ಯೋಗ ವಿಮೆ, ಅಂದರೆ ಎ-ಕಸ್ಸಾ. 1934ರ ಕಾಯ್ದೆಯಿಂದಲೂ ಇದು ಸಂಘಗಳಿಗೆ ಅಂಟಿಕೊಂಡ ನಿಧಿಗಳ ಮೂಲಕ ನಡೆಯುತ್ತದೆ, ಹಣದಲ್ಲಿ ಸರ್ಕಾರದ ಪಾಲೂ ಇದೆ. 2007ರಲ್ಲಿ ಆಗಿನ ಸರ್ಕಾರ ಎ-ಕಸ್ಸಾ ಶುಲ್ಕ ಏರಿಸಿ, ಸಂಘದ ಚಂದಾಕ್ಕಿದ್ದ ತೆರಿಗೆ ರಿಯಾಯಿತಿ ತೆಗೆದಾಗ ಸಂಘಟಿತ ಕಾರ್ಮಿಕರ ಪ್ರಮಾಣ ಎರಡೇ ವರ್ಷದಲ್ಲಿ ಶೇ 77ರಿಂದ 71ಕ್ಕೆ ಬಿತ್ತು. ಯಾವ ಮೊಳೆ ಸಡಿಲಿಸಿದರೆ ಯಾವ ಹಲಗೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಹೊಂಗೆನೆರಳು

ಹೊಸದಾಗಿ ಐಟಿ ಕೆಲಸಕ್ಕೆ ಬರುವವರು ಏನೇನು ಕೇಳಿಕೊಳ್ಳಬೇಕು ಮೇಡಂ?

ಯೋತೆಬೊರಿ_ಕನ್ನಡತಿ

ಆಫರ್ ಲೆಟರ್‌ನಲ್ಲಿ ‘ಕೊಲೆಕ್ತೀವ್‌ಆವ್ತಾಲ್’ ಪದ ಹುಡುಕಿ, ಸಾಮೂಹಿಕ ಒಪ್ಪಂದ ಅಂತ. ಅದು ಇದ್ದು, ನೀವು 1979ರಲ್ಲಿ ಅಥವಾ ಆಮೇಲೆ ಹುಟ್ಟಿದವರಾದರೆ, ಖಾಸಗಿ ಕಚೇರಿ ನೌಕರಿಯಲ್ಲಿ ಸಾಮಾನ್ಯವಾಗಿ ಐಟಿಪಿ-1 ಪಿಂಚಣಿ ಬರುತ್ತದೆ: ಒಂದು ಮಿತಿಯವರೆಗಿನ ಸಂಬಳಕ್ಕೆ ಶೇ 4.5, ಮಿತಿ ಮೀರಿದ ಭಾಗಕ್ಕೆ ಶೇ 30, ಪೂರ್ತಿ ಕಂಪನಿಯ ಖರ್ಚು. ಒಪ್ಪಂದ ಇಲ್ಲದ ಕಂಪನಿಗೆ ಇದು ಕಡ್ಡಾಯವಲ್ಲ. ಹಾಗಾಗಿ ಎರಡು ಆಫರ್ ಹೋಲಿಸುವಾಗ ತಿಂಗಳ ಸಂಬಳ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ.

ಜನ ಎಡವುವುದು ಇನ್ನೊಂದು ಕಡೆ. ಸಂಘಕ್ಕೆ ಸೇರುವುದು ಬೇರೆ, ಎ-ಕಸ್ಸಾಗೆ ಸೇರುವುದು ಬೇರೆ. ಎರಡಕ್ಕೂ ಬೇರೆಬೇರೆ ಅರ್ಜಿ ಹಾಕಬೇಕಾಗಬಹುದು, ಒಂದು ಹಾಕಿ ಎರಡೂ ಆಯಿತು ಅಂದುಕೊಳ್ಳಬೇಡಿ. ಪೂರ್ತಿ ದರದ ವಿಮೆ ಸಿಗಲು 12 ತಿಂಗಳ ಸದಸ್ಯತ್ವ ಬೇಕು, ಕೆಲಸ ಹೋಗುವ ಸುಳಿವು ಸಿಕ್ಕ ಮೇಲೆ ಸೇರಿದರೆ ಹೊತ್ತು ಮೀರಿರುತ್ತದೆ. ಮೊದಲ 100 ದಿನ ಶೇ 80, ಮುಂದಿನ 100 ದಿನ ಶೇ 70, ಆಮೇಲೆ ಶೇ 65, ಅದೂ ಸಂಬಳದ ಒಂದು ಮಿತಿಯವರೆಗೆ. ದೊಡ್ಡ ಸಂಬಳದವರಿಗೆ ಆ ಮಿತಿ ಸಾಲದು; ಹಲವು ಸಂಘಗಳ ಚಂದಾದಲ್ಲೇ ಹೆಚ್ಚುವರಿ ಆದಾಯ ವಿಮೆ ಸೇರಿರುತ್ತದೆ, ಅದಕ್ಕೂ ಬೇರೆ ಕಾಯುವ ಅವಧಿ ಇದೆ.

ವಿಜಯಪುರದವ

ಒಪ್ಪಂದಕ್ಕ ಸಹಿ ಹಾಕೂದೇ ಇಲ್ಲ ಅಂತ ಕಂಪನಿ ಹಟ ಹಿಡದ್ರ? ಕಾಯ್ದೆ ಅಂತೂ ಇಲ್ಲ.

ಮಿಲ್‌ಗೇಟ್

ಸಂಘ ಲಿಖಿತ ನೋಟಿಸ್ ಕೊಡುತ್ತದೆ, ಕಂಪನಿಗೂ ಸರ್ಕಾರದ ಸಂಧಾನ ಸಂಸ್ಥೆಗೂ, ಕನಿಷ್ಠ ಏಳು ಕೆಲಸದ ದಿನ ಮುಂಚೆ. ಆಮೇಲೆ ಮುಷ್ಕರ. ಸಾಲದಿದ್ದರೆ ಬೇರೆ ಸಂಘಗಳ ಬೆಂಬಲ ಮುಷ್ಕರ. ತಮ್ಮ ಒಪ್ಪಂದದ ಅವಧಿ ಮುಗಿಯದಿದ್ದರೂ ಅದನ್ನು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಲೋಹ ಕಾರ್ಮಿಕರ ಸಂಘ 2023ರ ಅಕ್ಟೋಬರ್ 27ರಂದು ಟೆಸ್ಲಾದ ಸರ್ವಿಸ್ ವರ್ಕ್‌ಶಾಪ್‌ಗಳಲ್ಲಿ ಮುಷ್ಕರ ಹೂಡಿದ ಮೇಲೆ ಬಂದರಿನವರು ಆ ಕಾರುಗಳನ್ನು ಇಳಿಸಲು ಒಲ್ಲೆ ಅಂದರು, ಅಂಚೆಯವರು ನಂಬರ್ ಪ್ಲೇಟ್ ತಲುಪಿಸಲು ಒಲ್ಲೆ ಅಂದರು, ಎಲೆಕ್ಟ್ರಿಷಿಯನ್ನರು ಚಾರ್ಜಿಂಗ್ ಸ್ಟೇಷನ್ ರಿಪೇರಿಗೆ ಒಲ್ಲೆ ಅಂದರು. ಕಂಪನಿ ಬೇರೆ ಆಳುಗಳನ್ನು ಇಟ್ಟುಕೊಂಡು ನಡೆಸಿತು, ಮುಷ್ಕರ ವರ್ಷಗಟ್ಟಲೆ ಎಳೆಯಿತು. ಒಪ್ಪಂದದ ಮೇಜಿಗೆ ಕೂರದೆಯೂ ಕಾರು ಮಾರಲು ಆಗುತ್ತದೆ ಅಂತಾದರೆ, 1938ರಿಂದ ಇಲ್ಲಿಯವರೆಗೆ ಬರೆದ ಎಲ್ಲವೂ ನಿಂತಿರುವ ನೆಲವೇ ಕುಸಿಯುತ್ತದೆ. ಅಲ್ಲಿನ ಸಂಘಗಳು ಕೆಲವೇ ಡಜನ್ ಕೆಲಸಗಾರರ ಮುಷ್ಕರಕ್ಕೆ ಇಷ್ಟು ಹಣ, ಇಷ್ಟು ವರ್ಷ ಸುರಿಯುತ್ತಿರುವುದು ಅದಕ್ಕೇ.